ಮನೆಯ ಹೆಸರು ಹೊತ್ತ ದಂಡನಾಯಕ

ದುಡಿಮೆಗೆಂದು ಪರಸ್ಥಳಕ್ಕೆ ಬಂದ ಕನ್ನಡಿಗನಲ್ಲಿ ಎಲ್ಲಕ್ಕಿಂತ ಮೊದಲು ಮೊಟಕಾಗುವುದು ಅವನ ಹೆಸರು. ಊರಿನಲ್ಲಿ ಮನೆತನದಿಂದ, ತಂದೆ ತಾತಂದಿರಿಂದ ಗುರುತಾಗುತ್ತಿದ್ದವನು ಹೋಟೆಲಿನ ಸಂಬಳದ ಪಟ್ಟಿಯಲ್ಲಿ, ಕಚೇರಿಯ ಹಾಜರಿ ಪುಸ್ತಕದಲ್ಲಿ ಎರಡು ಮೊದಲಕ್ಷರಗಳಿಗೆ ಇಳಿಯುತ್ತಾನೆ. ಆ ಅಕ್ಷರಗಳು ಯಾವ ಮನೆಯವು, ಯಾವ ಊರಿನವು ಎಂದು ಕೇಳುವವರು ಅಲ್ಲಿ ವಿರಳ. ಕಾಲಾಂತರದಲ್ಲಿ ಅವನ ಮಕ್ಕಳೂ ಆ ಅಕ್ಷರಗಳ ಅರ್ಥವನ್ನು ಮರೆಯುವುದುಂಟು.

ಸ್ವತಂತ್ರ ಭಾರತದ ಸೈನ್ಯದ ಇತಿಹಾಸದಲ್ಲಿ ಅಂಥದೇ ಒಂದು ಹೆಸರಿದೆ: ಕೆ. ಎಸ್. ತಿಮ್ಮಯ್ಯ. 1957ರಿಂದ 1961ರ ವರೆಗೆ ಭೂಸೈನ್ಯದ ಮುಖ್ಯಸ್ಥರಾಗಿದ್ದ ಈ ದಂಡನಾಯಕರು 1965ನೆಯ ಇಸವಿಯ ಡಿಸೆಂಬರ್ 18ರಂದು ದೂರದ ಸೈಪ್ರಸ್ ದ್ವೀಪದಲ್ಲಿ ಕಾಲವಾದರು. ಅವರ ಬಾಳಿನ ಗುರುತುಗಳು ನಾಲ್ಕಾರು ದೇಶಗಳ ಕಾಗದಗಳಲ್ಲಿ ಹರಡಿಕೊಂಡಿವೆ. ಅವನ್ನೆಲ್ಲ ಒಂದು ದಾರದಲ್ಲಿ ಪೋಣಿಸಲು ಹೊರಟವನು ಮೊದಲು ಬಿಡಿಸಬೇಕಾದದ್ದು ಆ ಕೆ. ಎಂಬ ಒಂದೇ ಒಂದು ಅಕ್ಷರವನ್ನು. ಅದು ಕೊಡಂದೇರ ಎಂಬ ಮನೆತನದ ಹೆಸರು. ಅಲ್ಲಿಂದ ದಾರಿ ನೇರವಾಗಿ ಕೊಡಗಿಗೆ ಹೋಗುತ್ತದೆ.

ಕೊಡವರಲ್ಲಿ ಮನೆತನಕ್ಕೆ ಒಕ್ಕ ಎಂದು ಹೆಸರು. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದು ಬಂದವರೆಲ್ಲ ಒಂದೇ ಒಕ್ಕದವರು. ಆ ಮೂಲಪುರುಷನಿಗೆ ಕಾರಣವನೆಂದು ಹೆಸರು. ಅವನಿಗೆ ವರ್ಷವರ್ಷವೂ ಪೂಜೆಯುಂಟು. ಒಕ್ಕದ ಹಿರಿಯ ಮನೆಗೆ ಐನ್‌ಮನೆಯೆಂದೂ, ಹಿರಿಯನಾದ ಯಜಮಾನನಿಗೆ ಪಟ್ಟೇದಾರನೆಂದೂ ಕರೆಯುತ್ತಾರೆ. ಜಮ್ಮಾ ಭೂಮಿಯ ಹಿಡುವಳಿ ಒಬ್ಬೊಬ್ಬನಿಗೆ ಬಿಡಿಬಿಡಿಯಾಗಿ ಸೇರಿದ್ದಲ್ಲ. ಅದು ಒಕ್ಕದ ಸ್ವತ್ತು, ಪಟ್ಟೇದಾರನ ಹೆಸರಿನಲ್ಲಿ ನಡೆದು ಬಂದದ್ದು. ಆದಕಾರಣ ಕೊಡಗಿನಲ್ಲಿ ಭೂಮಿಯ ದಾಖಲೆಯೂ ಒಂದು ಬಗೆಯ ವಂಶಾವಳಿಯೇ ಆಗಿದೆ. ಕಾಗದವಿಲ್ಲದ ದಾಖಲೆಯೂ ಅಲ್ಲಿ ಒಂದುಂಟು. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸಿ ನೆರೆಹೊರೆಗೆ ಸಾರುತ್ತಾರೆ; ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಮಗುವಿನ ಕೈಗೆ ಮುಟ್ಟಿಸುತ್ತಾರೆ. ಸಾವಾದರೆ ಎರಡು ಗುಂಡು. ಸರಕಾರದ ಜನನಮರಣಗಳ ಪುಸ್ತಕ ಬರುವುದಕ್ಕೆ ಮುಂಚಿನಿಂದಲೂ ಆ ಬೆಟ್ಟದ ಜನರು ತಮ್ಮ ಲೆಕ್ಕವನ್ನು ಹೀಗೆ ಕಿವಿಯಲ್ಲಿ ಬರೆದುಕೊಂಡು ಬಂದಿದ್ದಾರೆ.

ಒಕ್ಕದ ಹೆಸರನ್ನು ಕಡೆಗಣಿಸಿದವನು ಕೊಡಗಿನ ವಂಶಾವಳಿಯಲ್ಲಿ ದಾರಿ ತಪ್ಪುವುದು ಖಂಡಿತ. ಕಾರ್ಯಪ್ಪ, ತಿಮ್ಮಯ್ಯ, ಪೊನ್ನಪ್ಪ, ಸೋಮಯ್ಯ ಮುಂತಾದ ಹೆಸರುಗಳು ಮನೆಮನೆಯಲ್ಲಿಯೂ, ತಲೆಮಾರಿನಿಂದ ತಲೆಮಾರಿಗೂ ಮರಳಿ ಮರಳಿ ಬರುತ್ತವೆ. ತಿಮ್ಮಯ್ಯನವರು 1935ರಲ್ಲಿ ಕೈಹಿಡಿದ ನೀನಾ ಅವರ ತವರಿನ ಹೆಸರಿನಲ್ಲಿ ಕಾರ್ಯಪ್ಪ ಎಂಬುದಿದೆ. ಇದನ್ನು ಕಂಡೊಡನೆ ಆಕೆ ಸುಪ್ರಸಿದ್ಧ ಸೇನಾನಿ ಕಾರ್ಯಪ್ಪನವರ ಮಗಳಾಗಿರಬೇಕೆಂದು ಹೊರಗಿನವನು ಊಹಿಸುವುದು ಸಹಜ. ಕೊಡವರ ಪದ್ಧತಿಯನ್ನು ಬಲ್ಲವನು ಹಾಗೆ ಊಹಿಸುವುದಿಲ್ಲ. ಆ ಕಾರ್ಯಪ್ಪನವರೂ ಕೊಡಂದೇರ ಒಕ್ಕದವರೇ. ಒಂದೇ ಒಕ್ಕದೊಳಗೆ ಹೆಣ್ಣು ಕೊಟ್ಟು ತರುವ ಪದ್ಧತಿ ಕೊಡವರಲ್ಲಿಲ್ಲ. ಹೆಸರೊಂದೇ ಆಗಿದ್ದರೂ ಮನೆ ಬೇರೆ ಎಂಬುದು ಇಷ್ಟರಿಂದಲೇ ಸಿದ್ಧವಾಗುತ್ತದೆ.

ಇನ್ನೊಂದು ಸಂಗತಿಯೂ ಇದರಿಂದ ಬೆಳಕಿಗೆ ಬರುತ್ತದೆ. 1949ರ ಜನವರಿ 15ರಂದು ಭಾರತದ ಸೈನ್ಯದ ಅಧಿಪತ್ಯವನ್ನು ಬ್ರಿಟಿಷರ ಕೈಯಿಂದ ವಹಿಸಿಕೊಂಡ ಪ್ರಥಮ ಭಾರತೀಯರು ಕೊಡಂದೇರ ಕಾರ್ಯಪ್ಪನವರು. ಎಂಟು ವರ್ಷಗಳ ತರುವಾಯ ಅದೇ ಸೈನ್ಯದ ಮುಖ್ಯಸ್ಥರಾದವರು ಕೊಡಂದೇರ ತಿಮ್ಮಯ್ಯನವರು. ಸೈನ್ಯದ ಪಟ್ಟಿಯಲ್ಲಿ ಇವರಿಬ್ಬರೂ ಬೇರೆಬೇರೆ ರೆಜಿಮೆಂಟುಗಳ ಬೇರೆಬೇರೆ ಅಧಿಕಾರಿಗಳು. ಒಕ್ಕದ ಪಟ್ಟಿಯಲ್ಲಿ ಒಂದೇ ಕಾರಣವನ ಸಂತತಿ.

ತಿಮ್ಮಯ್ಯನವರು ಹುಟ್ಟಿದ್ದು 1906ನೆಯ ಇಸವಿಯ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಮನೆಯವರು ಕಾಫಿ ತೋಟಗಳುಳ್ಳ ಅನುಕೂಲಸ್ಥರು. ಆ ಕಾಲದಲ್ಲಿ ಕೊಡಗು ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತವಾಗಿತ್ತು; ಮೈಸೂರು ರಾಜ್ಯದೊಡನೆ ಅದು ಸೇರಿದ್ದು 1956ರ ನವೆಂಬರಿನಲ್ಲಿ. ಬಾಲಕನಿಗೆ ಎಂಟು ವರ್ಷವಾದಾಗ ಅವನನ್ನು ನೀಲಗಿರಿಯ ಕೂನೂರಿನಲ್ಲಿ ಪಾದ್ರಿಗಳ ಶಾಲೆಗೆ ಕಳುಹಿಸಲಾಯಿತು. ಅಂದು ಮನೆ ಬಿಟ್ಟವರು ಮರಳಿ ಮನೆಯಲ್ಲಿ ನೆಲೆಯಾಗಿ ನಿಂತ ದಿನಗಳು ಬಹಳ ಕಡಿಮೆ. ಕೂನೂರಿನ ತರುವಾಯ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆ ಮೇಲೆ 1922ರಲ್ಲಿ ಹೊಸದಾಗಿ ತೆರೆದ ಡೆಹರಾಡೂನಿನ ಸೈನಿಕ ವಿದ್ಯಾಲಯ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಭಾರತೀಯರಿಗೆ ಆ ಸೈನಿಕ ಕಾಲೇಜಿನ ಬಾಗಿಲು ತೆರೆದು ಆಗ ಕೆಲವೇ ವರ್ಷಗಳಾಗಿದ್ದುವು. ವರ್ಷಕ್ಕೆ ದೊರೆಯುತ್ತಿದ್ದ ಸ್ಥಾನಗಳು ಹತ್ತು. 1926ರ ಫೆಬ್ರವರಿ 4ರಂದು, ಇಪ್ಪತ್ತು ತುಂಬುವುದಕ್ಕೆ ಮುಂಚೆಯೇ, ಅವರಿಗೆ ಅಧಿಕಾರಿಯ ಪದವಿ ದೊರೆಯಿತು. ಅಲ್ಲಿಂದ ಮುಂದೆ ಅವರ ಬಾಳಿನ ಜಾಡನ್ನು ಹಿಡಿಯಲು ಸೈನ್ಯದ ಪಟ್ಟಿಗಳೂ ಗೆಜೆಟುಗಳೂ ಆಧಾರ.

ಇಲ್ಲಿಯೂ ಹೆಸರು ದಾರಿ ತಪ್ಪಿಸುತ್ತದೆ. ತಿಮ್ಮಯ್ಯನವರು ಸೇರಿದ್ದು 19ನೆಯ ಹೈದರಾಬಾದು ರೆಜಿಮೆಂಟಿನ 4ನೆಯ ಪಟಾಲಮನ್ನು. ಈ ಹೆಸರನ್ನು ನಂಬಿ ಇಂದು ಹೈದರಾಬಾದಿನಲ್ಲಿ ವಿಚಾರಿಸಲು ಹೋದವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ನಿಜಾಮನ ಸೀಮೆಯ ಹಳೆಯ ದಂಡಿನಿಂದ ಬೆಳೆದು ಬಂದುದರಿಂದ ಆ ಹೆಸರು ಉಳಿದಿತ್ತೇ ಹೊರತು ಅದರ ಸಿಪಾಯಿಗಳಲ್ಲಿ ಬಹುಮಂದಿ ಉತ್ತರದೇಶದ ಕುಮಾವೂನಿಗಳು, ಜಾಟರು, ಅಹೀರರು. 1945ರಲ್ಲಿ ಆ ರೆಜಿಮೆಂಟಿಗೆ ಕುಮಾವೂನ್ ಎಂದು ಹೆಸರು ಬದಲಾಯಿತು. ಅದರ ಕೇಂದ್ರ ಹಿಮಾಲಯದ ತಪ್ಪಲಿನ ರಾಣಿಖೇತ್. ಮಡಿಕೇರಿಯ ಕೊಡವನೊಬ್ಬನ ಸೈನಿಕ ಬಾಳಿನ ಬೇರು ಕುಮಾವೂನಿನ ಗುಡ್ಡಗಳಲ್ಲಿ ಇಳಿಯಿತು. ಮುಂದೆ ಆ ರೆಜಿಮೆಂಟು ತಿಮ್ಮಯ್ಯನವರನ್ನು ತನ್ನ ಗೌರವದ ಕರ್ನಲ್ ಆಗಿ ಆರಿಸಿಕೊಂಡಿತು.

ಬಾಗ್ದಾದು, ಅಲಹಾಬಾದು, ವಾಯವ್ಯ ಗಡಿಯ ಕೋಟೆಗಳು, ಕ್ವೆಟ್ಟಾ, ಮದರಾಸು, ಸಿಂಗಾಪುರ—ಹೀಗೆ ಪಟ್ಟಿಯಲ್ಲಿ ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಅಲಹಾಬಾದಿನಲ್ಲಿ ತರುಣ ತಿಮ್ಮಯ್ಯನವರ ಮನಸ್ಸಿನಲ್ಲಿ ಒಂದು ತಳಮಳ ಎದ್ದಿತ್ತು. ಹೊರಗೆ ಸ್ವಾತಂತ್ರ್ಯ ಸಂಗ್ರಾಮ. ತಾವು ತೊಟ್ಟಿರುವುದು ಪರಕೀಯ ದೊರೆಯ ಸಮವಸ್ತ್ರ. ಕೆಲಸ ಬಿಟ್ಟು ಹೊರಬರಲೇ ಎಂದು ಅವರು ಮೋತಿಲಾಲ ನೆಹರೂ ಅವರನ್ನು ಕೇಳಿದರೆಂದೂ, ಸ್ವತಂತ್ರ ಭಾರತಕ್ಕೆ ಒಂದು ದಿನ ತನ್ನದೇ ಅಧಿಕಾರಿಗಳು ಬೇಕಾದೀತು, ಆದುದರಿಂದ ಅಲ್ಲಿಯೇ ಇದ್ದು ಕಲಿಯಬೇಕೆಂದು ಆ ಹಿರಿಯರು ಬುದ್ಧಿ ಹೇಳಿದರೆಂದೂ ಅವರ ಜೀವನಚರಿತ್ರೆಯಿಂದ ತಿಳಿದುಬರುತ್ತದೆ. 1935ರ ಮೇ ತಿಂಗಳ ಕೊನೆಯ ರಾತ್ರಿ ಕ್ವೆಟ್ಟಾ ಪಟ್ಟಣ ಭೂಕಂಪದಿಂದ ನೆಲಸಮವಾದಾಗ ಹೊಸದಾಗಿ ಮದುವೆಯಾಗಿದ್ದ ಈ ದಂಪತಿಗಳು ಅಲ್ಲಿದ್ದರು. ಗಾಯಾಳುಗಳ ಶುಶ್ರೂಷೆಯಲ್ಲಿ ಇಬ್ಬರೂ ಹಗಲಿರುಳು ದುಡಿದರು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಬಂದರೆ ಸೈನ್ಯದ ಪಟ್ಟಿಯನ್ನೂ ಮನೆಯ ವಂಶಾವಳಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗುತ್ತದೆ. ಈ ಮನೆಯ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳಾಗಿದ್ದರು. ಹಿರಿಯರಾದ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯನ್ನು ಸೇರಿದರು. ನಡುವಣವರಾದ ತಿಮ್ಮಯ್ಯನವರು ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನೀಯರ ಎದುರು ಕಾದಿದರು. ಒಂದೇ ಒಕ್ಕದ ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ಪಕ್ಷಗಳಲ್ಲಿ. ಇಬ್ಬರ ಮನಸ್ಸಿನಲ್ಲಿಯೂ ಇದ್ದದ್ದು ಒಂದೇ ದೇಶ. ಸೈನ್ಯದ ಕಾಗದಗಳು ಒಬ್ಬರ ಹೆಸರಿನ ಮುಂದೆ ಬಿರುದನ್ನು ಬರೆದುವು, ಇನ್ನೊಬ್ಬರ ಹೆಸರನ್ನು ಪಟ್ಟಿಯಿಂದ ತೆಗೆದುವು. ಒಕ್ಕದ ಹಾಳೆಯಲ್ಲಿ ಮಾತ್ರ ಎರಡು ಹೆಸರುಗಳೂ ಅಕ್ಕಪಕ್ಕದಲ್ಲಿಯೇ ಉಳಿದುವು.

1945ರ ಆದಿಭಾಗದಲ್ಲಿ ಅರಾಕಾನಿನ ಕಾಂಗಾ ಎಂಬಲ್ಲಿ ನಡೆದ ಘೋರ ಕಾಳಗದಲ್ಲಿ ಭಾಗವಹಿಸಿದ ಬ್ರಿಗೇಡಿನ ಮೂರು ಪಟಾಲಮುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ತೋರಾತ, ಸೇನ್. ಮೂವರಿಗೂ ಡಿ. ಎಸ್. ಓ. ಎಂಬ ಶೌರ್ಯಪದಕ ದೊರೆಯಿತು. ಅದರ ಹಿಂದೆಯೇ ತಿಮ್ಮಯ್ಯನವರು ರಣರಂಗದಲ್ಲಿ ಒಂದು ಬ್ರಿಗೇಡಿನ ಅಧಿಪತ್ಯವನ್ನು ವಹಿಸಿದರು. ಆ ಮಹಾಯುದ್ಧದಲ್ಲಿ ಇಂಥ ಹೊಣೆ ಬೇರೆ ಯಾವ ಭಾರತೀಯನಿಗೂ ಬಂದಿರಲಿಲ್ಲ. 1945ರ ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ಜಪಾನೀಯರು ಶರಣಾಗತರಾದಾಗ ಭಾರತದ ಪ್ರತಿನಿಧಿಯಾಗಿ ಹಾಜರಿದ್ದವರು ಅವರೇ.

ಆ ತರುವಾಯದ ಇಪ್ಪತ್ತು ವರ್ಷಗಳಲ್ಲಿ ಅವರ ಪಾಲಿಗೆ ಬಂದ ಕೆಲಸಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಯುದ್ಧ ಮಾಡಲು ಕಲಿತ ಈ ಮನುಷ್ಯನನ್ನು ವಿಧಿಯು ಮತ್ತೆ ಮತ್ತೆ, ಮನೆ ಕಳೆದುಕೊಂಡವರ ನಡುವೆ ತಂದು ನಿಲ್ಲಿಸಿತು. 1947ರಲ್ಲಿ ಪಂಜಾಬು ಎರಡಾಗಿ ಸೀಳಿದಾಗ, ಅತ್ತಿಂದಿತ್ತ ಓಡಿ ಬರುತ್ತಿದ್ದ ನಿರಾಶ್ರಿತರ ಸಾಲುಗಳ ರಕ್ಷಣೆ ಅವರ ಹೊಣೆಯಾಯಿತು. 1948ರಲ್ಲಿ ಕಾಶ್ಮೀರದಲ್ಲಿ ಒಂದು ಡಿವಿಜನ್ನಿನ ಅಧಿಪತ್ಯ. ಮೇ ತಿಂಗಳಲ್ಲಿ ವಿಮಾನ ಇಳಿದೇ ಇರದ ಲೇಹ್ ಪಟ್ಟಣಕ್ಕೆ, ವಾಯುದಳದ ಮೆಹರ್ ಸಿಂಗರು ನಡೆಸಿದ ಡಕೋಟಾದಲ್ಲಿ ತಾವೂ ಕುಳಿತು ಹೋದರು. ನವೆಂಬರ್ 1ರಂದು 11,000 ಅಡಿಗೂ ಎತ್ತರವಾದ ಜೋಜಿಲಾ ಕಣಿವೆಯ ಹಿಮದಲ್ಲಿ ಯಾರೂ ಎಣಿಸಿರದಿದ್ದ ಟ್ಯಾಂಕುಗಳನ್ನು ಹತ್ತಿಸಿ, ತಾವೂ ಮುಂಚೂಣಿಯಲ್ಲಿ ಸಾಗಿ, ಲಡಾಖಿನ ದಾರಿಯನ್ನು ತೆರೆದರು. ಕಾಶ್ಮೀರದ ಈ ಯುದ್ಧಕಾಲದಲ್ಲಿಯೇ ಅವರ ತಮ್ಮ ಸೋಮಯ್ಯನವರು ನೆಲಬಾಂಬಿಗೆ ಸಿಕ್ಕಿ ಪ್ರಾಣ ಬಿಟ್ಟರು. ಗೆಜೆಟಿನಲ್ಲಿ ವಿಜಯದ ವರ್ಷ. ಮನೆಯಲ್ಲಿ ಸೂತಕದ ವರ್ಷ.

ಇವೆಲ್ಲಕ್ಕೂ ಮಿಗಿಲಾದ ಪರೀಕ್ಷೆ ಬಂದದ್ದು ಕೊರಿಯಾದಲ್ಲಿ. 1953ರ ಜುಲೈ 27ರಂದು ಅಲ್ಲಿ ಕದನ ನಿಂತಿತು. ಆದರೆ ಸೆರೆಸಿಕ್ಕ ಸೈನಿಕರಲ್ಲಿ ಸಹಸ್ರಾರು ಮಂದಿ ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲೆವೆಂದರು. ವಿಶ್ವಸಂಸ್ಥೆಯ ಪಕ್ಷದವರ ವಶದಲ್ಲಿ ಇಂಥವರು 22,604 ಮಂದಿ, ಚೀನೀಯರೂ ಉತ್ತರ ಕೊರಿಯದವರೂ; ಎದುರು ಪಕ್ಷದ ವಶದಲ್ಲಿ 359 ಮಂದಿ. ಇವರ ಇಚ್ಛೆ ಸ್ವಂತದ್ದೋ ಬಲವಂತದ್ದೋ ಎಂದು ಪರೀಕ್ಷಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಅದರ ಅಧ್ಯಕ್ಷತೆ ಭಾರತದ್ದು. ಅಧ್ಯಕ್ಷರಾಗಿ ಹೋದವರು ತಿಮ್ಮಯ್ಯನವರು. ಸೆರೆಯಾಳುಗಳನ್ನು ಕಾಯಲು ಸುಮಾರು 6,000 ಭಾರತೀಯ ಸೈನಿಕರು ತೋರಾತರ ನೇತೃತ್ವದಲ್ಲಿ ತೆರಳಿದರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಭಾರತೀಯನು ಕಾಲಿಡಕೂಡದೆಂದು ಹಟ ಹಿಡಿದುದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಎದ್ದ ಬಿಡಾರಕ್ಕೆ ಹಿಂದ್ ನಗರವೆಂದು ಹೆಸರಾಯಿತು.

ಆ ಬಿಡಾರದ ಬಳಿ ಗುಡಾರಗಳನ್ನು ಹಾಕಿದ್ದರು. ಸೆರೆಯಾಳು ಒಳಗೆ ಬರಬೇಕು. ಅವನ ದೇಶದ ಪ್ರತಿನಿಧಿಗಳು ಮರಳಿ ಬಾ ಎಂದು ತಿಳಿಯಹೇಳಬೇಕು. ತಟಸ್ಥರು ಕುಳಿತು ನೋಡಬೇಕು. ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೊರಟರೆ ಮನೆಗೆ. ಇನ್ನೊಂದರಿಂದ ಹೊರಟರೆ ಮನೆಯ ಹಂಬಲವನ್ನು ಬಿಟ್ಟಂತೆ. ಅತಿ ಹೆಚ್ಚು ಜನ ಎರಡನೆಯ ಬಾಗಿಲನ್ನೇ ಹಿಡಿದರು. ಬಹುಮಂದಿಗೆ ಗುಡಾರದ ವರೆಗೆ ಬರುವ ಅವಕಾಶವೇ ದೊರೆಯಲಿಲ್ಲ. ಎರಡು ಪಕ್ಷಗಳ ಜಗಳದಲ್ಲಿ ಗೊತ್ತುಮಾಡಿದ ಗಡುವು ಮುಗಿದುಹೋಯಿತು. ಎರಡು ಕಡೆಯವರೂ ಭಾರತದ ಮೇಲೆ ಪಕ್ಷಪಾತವನ್ನು ಹೊರಿಸಿದರು. ಬಲಪ್ರಯೋಗದಿಂದ ಯಾರನ್ನೂ ಕಳುಹಿಸಲಾಗದು, ಬಲಪ್ರಯೋಗದಿಂದ ಯಾರನ್ನೂ ತಡೆಯಲೂ ಆಗದು ಎಂಬ ನಿಲುವಿನಿಂದ ತಿಮ್ಮಯ್ಯನವರು ಕದಲಲಿಲ್ಲ. 1954ರ ಜನವರಿಯಲ್ಲಿ ಸೆರೆಯಾಳುಗಳನ್ನು ಮೊದಲು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿ ಕೆಲಸವನ್ನು ಮುಗಿಸಿದರು.

ಎರಡು ಪಕ್ಷವೂ ಬೇಡ, ಮೂರನೆಯ ದೇಶವೊಂದಕ್ಕೆ ಕಳುಹಿಸಿರೆಂದು ಬೇಡಿದ 88 ಮಂದಿ ಭಾರತೀಯ ಸೈನಿಕರೊಡನೆಯೇ ಹಡಗನ್ನೇರಿ ನಮ್ಮ ದೇಶಕ್ಕೆ ಬಂದರು. ಮುಂದೆ ಅವರಲ್ಲಿ ಹಲವರು ಬ್ರೆಜಿಲ್, ಅರ್ಜೆಂಟೀನಾ ದೇಶಗಳಿಗೆ ತೆರಳಿದರು. ಕೆಲವರು ಇಲ್ಲಿಯೇ ನೆಲೆಸಿದರು. ಅವರ ಮಕ್ಕಳು ಮೊಮ್ಮಕ್ಕಳು ಎಂದಾದರೊಮ್ಮೆ ತಮ್ಮ ವಂಶದ ಮೂಲವನ್ನು ಹುಡುಕಿಕೊಂಡು ಹೊರಟರೆ, ಆ ಹುಡುಕಾಟದ ಹಾದಿ ಮಡಿಕೇರಿಯ ಈ ದಂಡನಾಯಕರ ಕಡತಗಳ ಮೂಲಕವೇ ಹಾಯಬೇಕು. ಆ ವರ್ಷ ಸರಕಾರವು ತಿಮ್ಮಯ್ಯನವರಿಗೆ ಪದ್ಮಭೂಷಣವನ್ನಿತ್ತಿತು. ಕೊರಿಯದ ಅನುಭವವನ್ನು ಅವರು ಬರೆದಿಟ್ಟಿದ್ದ ಗ್ರಂಥ ಮುದ್ರಣವಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ.

ಪುಣೆಯ ದಕ್ಷಿಣ ಕಮಾಂಡಿನ ಅಧಿಪತ್ಯವೂ ಸೇರಿದಂತೆ ಉನ್ನತ ಪದವಿಗಳನ್ನು ದಾಟಿ 1957ರ ಮೇ 8ರಂದು ಅವರು ಭೂಸೈನ್ಯದ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಅವರಿಗೆ ಹೊಂದಾಣಿಕೆಯಾಗಲಿಲ್ಲ. ಅಧಿಕಾರಿಗಳ ಬಡತಿಯಲ್ಲಿ ಸೈನ್ಯದ ಅಭಿಪ್ರಾಯವನ್ನು ಮೀರಿ ನಡೆಯುವುದು ಅವರಿಗೆ ಸಹಿಸಲಿಲ್ಲ. 1959ರ ಆಗಸ್ಟ್ 31ರಂದು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಒಪ್ಪಿ ಅದನ್ನು ಹಿಂತೆಗೆದುಕೊಂಡರು. ಎರಡು ದಿನಗಳ ಮೇಲೆ ನೆಹರೂ ಅವರೇ ಪಾರ್ಲಿಮೆಂಟಿನಲ್ಲಿ ಸೇನಾಧಿಪತಿಯ ನಡೆ ಸರಿಯಲ್ಲವೆಂದು ಆಡಿ ತೋರಿಸಿದರು. ಹಿಂತೆಗೆದುಕೊಂಡದ್ದು ತಪ್ಪೆಂದು ಹೇಳುವವರು ಇಂದಿಗೂ ಇದ್ದಾರೆ. ಚುನಾಯಿತ ಸರಕಾರದ ಮಾತಿಗೆ ದಂಡನಾಯಕನು ತಲೆಬಾಗಿದ್ದೇ ಪ್ರಜಾರಾಜ್ಯಕ್ಕೆ ಕ್ಷೇಮವಾಯಿತೆಂದು ಹೇಳುವವರೂ ಇದ್ದಾರೆ. ನುಂಗಿಕೊಂಡ ಅಪಮಾನವನ್ನು ಹೊತ್ತು ಇನ್ನೂ ಇಪ್ಪತ್ತು ತಿಂಗಳು ಅವರು ಕೆಲಸ ಮಾಡಿ, 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಚೀನದ ಸೈನ್ಯವನ್ನು ಭಾರತ ಒಂಟಿಯಾಗಿ ಎದುರಿಸಬಲ್ಲದೆಂದು ಸೈನಿಕನಾಗಿ ತಾವು ಎಣಿಸಲಾರೆವೆಂದು 1962ರ ಜುಲೈಯಲ್ಲಿ ಅವರು ಒಂದು ಪತ್ರಿಕೆಯಲ್ಲಿ ಬರೆದರು. ಅಕ್ಟೋಬರಿನಲ್ಲಿ ಯುದ್ಧ ಬಂದಿತು. ಆ ಕಹಿಯನ್ನು ದೇಶವೆಲ್ಲ ಉಂಡಿತು.

ನಿವೃತ್ತಿಯ ಮೇಲಾದರೂ ಕೊಡಗಿನ ತೋಟದಲ್ಲಿ ನೆಮ್ಮದಿಯಾಗಿರುವ ಕಾಲ ಬಂದಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂದಿತು. ಸೈಪ್ರಸಿನಲ್ಲಿ ಗ್ರೀಕರೂ ತುರ್ಕರೂ ಒಂದೇ ಬೀದಿಯಲ್ಲಿ ಹಗೆಗಳಾಗಿ ನಿಂತಿದ್ದರು, ಹಳ್ಳಿಗಳು ಬರಿದಾಗುತ್ತಿದ್ದುವು. ಜುಲೈ ತಿಂಗಳಲ್ಲಿ ಶಾಂತಿಪಾಲನಾ ಪಡೆಯ ಅಧಿಪತ್ಯವನ್ನು ತಿಮ್ಮಯ್ಯನವರು ವಹಿಸಿಕೊಂಡರು. ಹದಿನೇಳು ತಿಂಗಳು ಎರಡು ಪಂಗಡಗಳ ನಡುವೆ ನಿಂತು ದುಡಿದರು. ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 59. ದೇಹವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಸೈನಿಕ ಮರ್ಯಾದೆಯೊಡನೆ ಅಂತ್ಯಕ್ರಿಯೆ ನಡೆಸಲಾಯಿತು. ಎಂಟನೆಯ ವರ್ಷದಲ್ಲಿ ಮನೆ ಬಿಟ್ಟ ಬಾಲಕ, ಇತರರು ಮನೆ ಸೇರುವ ಬಗೆಯನ್ನು ಹುಡುಕುತ್ತ ಲೋಕವನ್ನು ಸುತ್ತಿ, ತಾನು ನಾಡಿಗೆ ಹಿಂದಿರುಗಿದ್ದು ಹೀಗೆ.

ಸೈಪ್ರಸ್ ಸರಕಾರ 1966ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು; ಅಲ್ಲಿಯ ಲಾರ್ನಕಾ ಪಟ್ಟಣದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರು. ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿಸೈಡ್ ಎಂಬ ಮನೆ ಈಗ ಸ್ಮಾರಕವಾಗಿದೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿಗಳು ಅದನ್ನು ಉದ್ಘಾಟಿಸಿದರು.

ಹೆಸರಿನ ಉಚ್ಚಾರ ಊರಿಗೊಂದು ಬಗೆ, ಕಾಗದಕ್ಕೊಂದು ಬಗೆ. ಇಂಗ್ಲಿಷಿನ ಬರಹದಲ್ಲಿ ತಿಮಯ್ಯ, ಕೊಡಗಿನಲ್ಲಿ ತಿಮ್ಮಯ್ಯ, ಸೈಪ್ರಸಿನ ನಾಲಗೆಯಲ್ಲಿ ಮತ್ತೊಂದು. ಇಷ್ಟೆಲ್ಲ ಮಾರ್ಪಾಟಿನ ನಡುವೆಯೂ ಅವರು ಇಂಥವರೇ ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಮುಂದೆ ನಿಂತ ಆ ಕೆ. ಎಂಬ ಅಕ್ಷರದಿಂದ, ಮತ್ತು ಅದರ ಅರ್ಥವನ್ನು ಮನೆಯವರು ಮರೆಯದೆ ಉಳಿಸಿಕೊಂಡು ಬಂದುದರಿಂದ. ದಂಡನಾಯಕರಿಗೆ ಗೆಜೆಟುಗಳಿವೆ, ಅಂಚೆಚೀಟಿಯಿದೆ, ರಸ್ತೆಗಳಿವೆ. ಮುಂಬಯಿಯ ಅಡುಗೆಮನೆಯಲ್ಲಿ, ದಿಲ್ಲಿಯ ಕಚೇರಿಯಲ್ಲಿ ಆಯುಷ್ಯವನ್ನು ಸವೆಸುವವನಿಗೆ ಅಂಥವು ಬರಲಾರವು. ಅವನ ಗೆಜೆಟು ಅವನ ಮನೆಯಲ್ಲಿಯೇ ಬರೆಯಲ್ಪಡಬೇಕು. ಮುಂದಿನ ಬಾರಿ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ ಅರ್ಧ ಗಂಟೆ ಕುಳಿತು, ತಾತನ ತಂದೆಯ ಹೆಸರೇನು, ಮನೆಗೆ ಆ ಹೆಸರು ಬಂದದ್ದು ಹೇಗೆ ಎಂದು ಕೇಳಿ ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಸಂಬಳದ ಪಟ್ಟಿಯಲ್ಲಿರುವ ಆ ಒಂಟಿ ಅಕ್ಷರದ ಹಿಂದೆ ಒಂದು ಮನೆಯಿದೆಯೆಂದು ಮಕ್ಕಳಿಗೆ ಗೊತ್ತಾಗಲು ಅಷ್ಟು ಸಾಕು.